ದುರ್ಗದ ಬಿಸಿಲಲ್ಲಿ ನೀಲಿ ನೊಣಹಿಡುಕ ಹುಡುಕುವುದು ಹೇಗೆ

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಕ್ಕೆ ಹೋದವರಲ್ಲಿ ಹೆಚ್ಚಿನವರು ಸೀದಾ ಮೇಲಕ್ಕೆ ಹೋಗುತ್ತಾರೆ. ಗಾಳಿಗೆ ಮುಖ ಕೊಟ್ಟು ನಿಲ್ಲುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಇಳಿದು ಬರುತ್ತಾರೆ. ಹಕ್ಕಿ ನೋಡಲೆಂದೇ ಬಂದವರೂ ಅಷ್ಟೇ, ತಲೆ ಎತ್ತಿಕೊಂಡು ಮರದ ತುದಿ ನೋಡುತ್ತಾ ನಡೆಯುತ್ತಾರೆ. ಟಿಕೆಲ್ ನೀಲಿ ನೊಣಹಿಡುಕ ಇವರಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಇರುವುದು ಕೆಳಗೆ, ಸೊಂಟದ ಮಟ್ಟದಿಂದ ಎರಡಾಳು ಎತ್ತರದೊಳಗೆ, ಅದೂ ಪೊದೆಯ ಕತ್ತಲಲ್ಲಿ.

ಒಣ ಜಿಲ್ಲೆ, ಬರೀ ಬಂಡೆ, ಜಾಲಿ, ಬಣ್ಣದ ಹಕ್ಕಿ ಬೇಕು ಅಂದರೆ ಮಲೆನಾಡಿಗೇ ಹೋಗಬೇಕು ಅಂತ ನಮ್ಮ ಕಡೆಯವರೇ ಹೇಳುತ್ತಾರೆ. ಹಾಗೇನಿಲ್ಲ. ಈ ಹಕ್ಕಿ ವರ್ಷವಿಡೀ ನಮ್ಮಲ್ಲೇ ಇರುತ್ತದೆ, ಇಲ್ಲೇ ಗೂಡು ಕಟ್ಟುತ್ತದೆ, ಇಲ್ಲೇ ಮರಿ ಮಾಡುತ್ತದೆ. ಅದಕ್ಕೆ ದಟ್ಟ ಮಳೆಕಾಡೇನೂ ಬೇಕಿಲ್ಲ. ನೆರಳು ಬೇಕು, ತೇವ ಬೇಕು, ತರಗೆಲೆ ಬೇಕು. ಆದ್ದರಿಂದ ಹಕ್ಕಿಯನ್ನು ಹುಡುಕಬೇಡಿ, ಜಾಗವನ್ನು ಹುಡುಕಿ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ.

ಮೊದಲು ಹಕ್ಕಿಯ ಪರಿಚಯ

ನೊಣಹಿಡುಕಗಳಲ್ಲಿ ಸಯಾರ್ನಿಸ್ ಎನ್ನುವುದೊಂದು ಕುಲ. ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1843ರಲ್ಲಿ ಈ ಕುಲಕ್ಕೆ ಹೆಸರಿಟ್ಟ. ಇದರಲ್ಲಿ 30ಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ಆಗ್ನೇಯ ಏಷ್ಯಾದ ಕಾಡುಗಳಲ್ಲಿ, ಬೋರ್ನಿಯೊ, ಸುಲಾವೆಸಿ, ಫಿಲಿಪ್ಪೀನ್ಸ್‌ನಂಥ ದ್ವೀಪಗಳಲ್ಲಿ ಇರುವಂಥವು. ಬೋರ್ನಿಯೊದ ಮೆರಾಟಸ್ ಬೆಟ್ಟಗಳಿಂದ ಒಂದು ಹೊಸ ಜಾತಿಗೆ 2022ರಲ್ಲಿ ಹೆಸರಿಟ್ಟರು, ಅಂದರೆ ಈ ಕುಲದ ಲೆಕ್ಕ ಇನ್ನೂ ಮುಗಿದಿಲ್ಲ. ಎಲ್ಲವೂ ನೀಲಿ ಅಂದುಕೊಳ್ಳಬೇಡಿ. ಮೊದಲು ಬೇರೆ ಕುಲದಲ್ಲಿದ್ದ ಕೆಲವು ಕಂದು ಬಣ್ಣದ ಜಾತಿಗಳನ್ನು ಡಿಎನ್ಎ ಪರೀಕ್ಷೆ ಆದಮೇಲೆ ಇಲ್ಲಿಗೆ ತಂದು ಸೇರಿಸಿದ್ದಾರೆ.

ನಮಗೆ ಬೇಕಾಗಿರುವುದು ಇವುಗಳಲ್ಲಿ ಒಂದು. ಸ್ಯಾಮ್ಯುಯೆಲ್ ಟಿಕೆಲ್ ಎಂಬ ಸೇನಾಧಿಕಾರಿಯ ಹೆಸರಿನ ಟಿಕೆಲ್ ನೀಲಿ ನೊಣಹಿಡುಕ. ಗಾತ್ರ ಸುಮಾರು 14 ಸೆಂಟಿಮೀಟರ್, ಗುಬ್ಬಚ್ಚಿಗಿಂತ ಒಂದು ಕೈ ಕಡಿಮೆ. ಗಂಡು ಹಕ್ಕಿಯ ಬೆನ್ನು, ತಲೆ, ರೆಕ್ಕೆ, ಬಾಲ ಎಲ್ಲ ಗಾಢ ನೀಲಿ. ಹಣೆ ಮತ್ತು ಹೆಗಲ ಹತ್ತಿರ ಆ ನೀಲಿ ಇನ್ನೂ ಹೊಳೆಯುತ್ತದೆ. ಗಂಟಲು, ಎದೆ ಕಿತ್ತಳೆ. ಹೊಟ್ಟೆ ಬಿಳಿ. ಕಿತ್ತಳೆ ಎಲ್ಲಿ ಮುಗಿದು ಬಿಳಿ ಎಲ್ಲಿ ಶುರುವಾಗುತ್ತದೆ ಅನ್ನುವುದು ಎದುರಿನಿಂದ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಕಿತ್ತಳೆ ಗಂಟಲಿನಿಂದಲೇ ಶುರುವಾಗುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಹೆಣ್ಣಿನದೂ ಇದೇ ವಿನ್ಯಾಸ, ಬಣ್ಣ ಮಾತ್ರ ಮಾಸಲು. ನೀಲಿಯಲ್ಲಿ ಬೂದಿ ಬೆರೆತಂತೆ ಇರುತ್ತದೆ, ಎದೆಯ ಕಿತ್ತಳೆಯೂ ತಿಳಿ.

ಇನ್ನೊಂದು ಮಾತು. ನವಿಲಿನ ಗರಿಯಂತೆಯೇ ಈ ನೀಲಿಯೂ ಬಣ್ಣದ ಕಣದಿಂದ ಬಂದದ್ದಲ್ಲ. ಗರಿಯೊಳಗಿನ ತೀರಾ ಸಣ್ಣ ರಚನೆ ಬೆಳಕನ್ನು ಚದುರಿಸುವುದರಿಂದ ನೀಲಿ ಕಾಣುತ್ತದೆ. ಬೆಳಕು ಬಿದ್ದರೆ ನೀಲಿ, ಬೀಳದಿದ್ದರೆ ಹೆಚ್ಚು ಕಮ್ಮಿ ಕಪ್ಪು. ನೆರಳಲ್ಲೇ ಬದುಕುವ ಹಕ್ಕಿ ಇದು, ಹಾಗಾಗಿ ಮೊದಲ ನೋಟಕ್ಕೆ ಬಹಳ ಸಲ ಒಂದು ಕಪ್ಪು ಸಣ್ಣ ಹಕ್ಕಿಯಾಗಿ ಮಾತ್ರ ಕಾಣುತ್ತದೆ. ಪುಸ್ತಕದ ಚಿತ್ರದಲ್ಲಿ ಇರುವಂಥ ನೀಲಿಯನ್ನೇ ಕಾಯುತ್ತಾ ಕೂತರೆ ಎದುರಿಗಿದ್ದದ್ದೇ ಹಾರಿಹೋಗುತ್ತದೆ. ಬಣ್ಣಕ್ಕಿಂತ ಮೊದಲು ಆಕಾರ, ಕೂರುವ ರೀತಿ, ಸದ್ದು ಕಲಿಯಿರಿ.

ಯಾವ ಜಾಗ

ಜೋಗಿಮಟ್ಟಿ ಬೆಟ್ಟಸಾಲು ಚಿತ್ರದುರ್ಗ ಊರಿಗೆ ಅಂಟಿಕೊಂಡೇ ಇದೆ. ಈಗ ಅದು ವನ್ಯಧಾಮ. ಮೇಲೆ ಹುಲ್ಲು, ಗಾಳಿ, ಬಂಡೆ. ಇಳಿಜಾರಿನಲ್ಲಿ ಎಲೆ ಉದುರುವ ಕಾಡು, ಕುರುಚಲು. ಈ ಎರಡರಲ್ಲೂ ನಮ್ಮ ಹಕ್ಕಿಗೆ ಅಷ್ಟು ಕೆಲಸವಿಲ್ಲ. ಅದು ಇರುವುದು ಇಳಿಜಾರನ್ನು ಸೀಳಿಕೊಂಡು ಬರುವ ಹಳ್ಳ, ಕೊರಕಲುಗಳಲ್ಲಿ. ಮಳೆ ನಿಂತು ತಿಂಗಳುಗಟ್ಟಲೆ ಆದರೂ ಅಲ್ಲಿ ಮಣ್ಣಿನಲ್ಲಿ ಒಂದಿಷ್ಟು ಪಸೆ ಉಳಿದಿರುತ್ತದೆ. ಆ ಪಸೆಗೆ ಹೊಂಗೆ, ಬಿದಿರು, ಆಲ, ಅತ್ತಿ ಬೆಳೆದು ಮೇಲೆ ಚಪ್ಪರ ಹಾಕಿದಂತೆ ಮುಚ್ಚಿಕೊಂಡಿರುತ್ತವೆ. ಕೆಳಗೆ ತರಗೆಲೆ. ತರಗೆಲೆ ಇದ್ದಲ್ಲಿ ಹುಳ, ಹುಳ ಇದ್ದಲ್ಲಿ ನೊಣಹಿಡುಕ.

ದೂರದಿಂದಲೇ ಇಂಥ ಜಾಗ ಗುರುತಿಸಬಹುದು. ಏಪ್ರಿಲ್‌ನಲ್ಲಿ ರಸ್ತೆಯ ತಿರುವಿನಲ್ಲಿ ನಿಂತು ಗುಡ್ಡ ನೋಡಿ. ಎಲ್ಲ ಬೋಳು, ಕಂದು. ನಡುವೆ ಒಂದೊಂದು ಕಡೆ ಮಾತ್ರ ಹಸಿರಿನ ಗೆರೆ ಇಳಿದಿರುತ್ತದೆ. ಆ ಗೆರೆ ರಸ್ತೆಯನ್ನು ಎಲ್ಲಿ ದಾಟುತ್ತದೋ ಅಲ್ಲಿ, ಮೋರಿಯ ಪಕ್ಕ ನಿಲ್ಲಿ. ಕಾಡೊಳಗೆ ನುಗ್ಗುವುದು ಬೇಡ. ಜೋಗಿಮಟ್ಟಿಯಲ್ಲಿ ಕರಡಿ ಇದೆ, ಚಿರತೆ ಇದೆ. ದಾರಿ ಬಿಟ್ಟು ಹೋಗುವುದು ತಪ್ಪು ಮಾತ್ರವಲ್ಲ, ಅಪಾಯವೂ ಹೌದು, ಅದರ ಅಗತ್ಯವೂ ಇಲ್ಲ. ಈ ಹಕ್ಕಿ ಮನುಷ್ಯರಿಗೆ ಅಷ್ಟೇನೂ ಹೆದರುವುದಿಲ್ಲ. ಸುಮ್ಮನೆ ನಿಂತವರ ಹತ್ತಿರ ಹತ್ತು ಹದಿನೈದು ಅಡಿಗೂ ಬಂದು ಕೂರುತ್ತದೆ.

ಮೇಲೆ ಹತ್ತಲು ಆಗದವರಿಗೆ ಬುಡದಲ್ಲೇ ಆಡುಮಲ್ಲೇಶ್ವರ ಇದೆ. ಮೃಗಾಲಯಕ್ಕೆ ಬರುವ ಮಕ್ಕಳ ಗಲಾಟೆ ಶುರುವಾಗುವ ಮೊದಲು, ಬೆಳಿಗ್ಗೆ, ಸುತ್ತಲಿನ ಮರಗಳ ನೆರಳಲ್ಲಿ ನಿಂತು ನೋಡಬಹುದು. ಚಂದ್ರವಳ್ಳಿಯೂ ಒಳ್ಳೆಯ ಜಾಗ. ಮಯೂರಶರ್ಮನ ಶಾಸನ, ಅಂಕಲಿ ಮಠದ ಗುಹೆ ನೋಡಲು ಬಂದವರು ಕೆರೆಯ ಬದಿಯ ಮರಗಳ ಕೆಳಗೆ ಒಂದರ್ಧ ಗಂಟೆ ಕೂರಬೇಕು. ಬಂಡೆ, ನೀರು, ನೆರಳು ಮೂರೂ ಅಲ್ಲಿ ಒಟ್ಟಿಗೇ ಸಿಗುತ್ತವೆ. ಕೋಟೆಯೊಳಗೆ ಜನ ಜಾಸ್ತಿ, ಬಿಸಿಲು ಜಾಸ್ತಿ. ನಾನಾದರೆ ಈ ಹಕ್ಕಿಗಾಗಿ ಅಲ್ಲಿಗೆ ಹೋಗುವುದಿಲ್ಲ.

ದಾವಣಗೆರೆಯವರು ದುರ್ಗದ ತನಕ ಬರಲೇಬೇಕು ಅಂತೇನಿಲ್ಲ. ಕೊಂಡಜ್ಜಿಯ ಕೆರೆ, ಪಕ್ಕದ ಗುಡ್ಡದ ಕಾಡು ಹತ್ತಿರವೇ ಇದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗೆ, ಅಂದರೆ ನಾಲ್ಕು ಕೊಂಬಿನ ಹುಲ್ಲೆಗೆ, ಹೆಸರಾದ ವನ್ಯಧಾಮ, ಅಲ್ಲೂ ಹಳ್ಳದ ಸಾಲುಗಳನ್ನೇ ನೋಡಿ. ಯಾವ ವನ್ಯಧಾಮಕ್ಕೆ ಹೋದರೂ ಗೇಟಿನಲ್ಲಿ ಅರಣ್ಯ ಇಲಾಖೆಯವರನ್ನು ಕೇಳಿ, ಸಮಯ ಮತ್ತು ಶುಲ್ಕ ತಿಳಿದುಕೊಂಡು ಒಳಗೆ ಹೋಗಿ. ಹಕ್ಕಿ ನೋಡಲು ಬಂದಿದ್ದೇವೆ ಅಂತ ಹೇಳಿದರೆ ವಾಚರ್‌ಗಳು ಎಷ್ಟೋ ಸಲ ತಾವೇ ಯಾವ ಹಳ್ಳದಲ್ಲಿ ಇನ್ನೂ ನೀರಿದೆ ಅಂತ ಹೇಳುತ್ತಾರೆ. ಆ ಒಂದು ಮಾಹಿತಿ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಯಾವ ಕಾಲ, ಯಾವ ಹೊತ್ತು

ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ ನನ್ನ ಮೊದಲ ಆಯ್ಕೆ. ಬಿಸಿಲಿಗೆ ಹೆದರಬೇಡಿ. ಎಲೆ ಉದುರಿರುತ್ತದೆ, ಕಣ್ಣಿಗೆ ಅಡ್ಡ ಕಡಿಮೆ. ನೀರು ಒಂದೆರಡು ಕಡೆ ಮಾತ್ರ ಉಳಿದಿರುತ್ತದೆ, ಹಕ್ಕಿಗಳೆಲ್ಲ ಅಲ್ಲಿಗೇ ಬರುತ್ತವೆ. ಜೊತೆಗೆ ಗೂಡಿನ ಕಾಲವೂ ಶುರುವಾಗಿರುವುದರಿಂದ ಗಂಡು ಹಾಡುತ್ತದೆ. ಗೂಡು ಕಟ್ಟುವುದು ಹೆಚ್ಚಾಗಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ.

ಜೂನ್, ಜುಲೈನಲ್ಲಿ ಹಾಡು ಚೆನ್ನಾಗಿ ಕೇಳಬೇಕು, ಆದರೆ ಆಷಾಢದ ಗಾಳಿ ನಿಮಗೆ ಗೊತ್ತಲ್ಲ, ಜೋಗಿಮಟ್ಟಿಯ ಮೇಲೆ ಪಕ್ಕದಲ್ಲಿ ನಿಂತವರ ಮಾತೇ ಕೇಳಿಸುವುದಿಲ್ಲ. ಎಲೆ, ಕೊಂಬೆ ಎಲ್ಲ ಅಲುಗಾಡುತ್ತಿದ್ದರೆ ಹಕ್ಕಿಯ ಚಲನೆ ಕಣ್ಣಿಗೆ ಸಿಗುವುದಿಲ್ಲ. ಆ ದಿನಗಳಲ್ಲಿ ಗಾಳಿಗೆ ಮರೆಯಾದ ಬುಡದ ಹಳ್ಳಗಳೇ ವಾಸಿ.

ಚಳಿಗಾಲದಲ್ಲಿ, ನವೆಂಬರ್‌ನಿಂದ ಫೆಬ್ರವರಿವರೆಗೆ, ಬೇರೆ ಲಾಭ ಇದೆ. ಉತ್ತರದಿಂದ ವಲಸೆ ಬಂದ ನೊಣಹಿಡುಕಗಳೂ ಅದೇ ಮರಗಳಲ್ಲಿ ಸಿಗುತ್ತವೆ. ಆಗ ಗುರುತಿಸುವುದು ಸ್ವಲ್ಪ ಕಷ್ಟ, ಅದನ್ನು ಕೆಳಗೆ ಹೇಳುತ್ತೇನೆ.

ಹೊತ್ತಿನ ವಿಷಯಕ್ಕೆ ಬಂದರೆ, ಬೆಳಗಿನ ಆರೂವರೆಯಿಂದ ಒಂಬತ್ತು ಎಲ್ಲ ಹಕ್ಕಿಗಳಿಗೂ ಒಳ್ಳೆಯದೇ. ಆದರೆ ಟಿಕೆಲ್ ನೀಲಿ ನೊಣಹಿಡುಕದ ವಿಶೇಷ ಇರುವುದು ಸಂಜೆಯಲ್ಲಿ. ಬೇರೆ ಹಕ್ಕಿಗಳು ಗೂಡು ಸೇರುವ ಹೊತ್ತಿನಲ್ಲಿ, ನಮಗೆ ಎಲೆಯ ಅಂಚು ಕಾಣದಷ್ಟು ಕತ್ತಲಾದಾಗಲೂ, ಇದು ಹುಳ ಹಿಡಿಯುತ್ತಲೇ ಇರುತ್ತದೆ. ವನ್ಯಧಾಮದ ಗೇಟು ಮುಚ್ಚುವ ಸಮಯ ಮೀರಬೇಡಿ, ಸಂಜೆಗೆ ಊರ ಹತ್ತಿರದ ಜಾಗವನ್ನೇ ಇಟ್ಟುಕೊಳ್ಳಿ.

ನಿಲ್ಲುವುದು, ಕೇಳುವುದು, ಆಮೇಲೆ ನೋಡುವುದು

ಜಾಗ ಸಿಕ್ಕಿತು. ಈಗ ನಡೆಯುವುದನ್ನು ನಿಲ್ಲಿಸಿ. ಇದು ಹೇಳಿದಷ್ಟು ಸುಲಭ ಅಲ್ಲ. ಐದು ನಿಮಿಷ ಏನೂ ಕಾಣದಿದ್ದರೆ ಮುಂದಿನ ತಿರುವಿನಲ್ಲಿ ಇರಬಹುದೇನೋ ಅನ್ನಿಸುತ್ತದೆ, ಕಾಲು ತಾನಾಗಿ ಎದ್ದುಬಿಡುತ್ತದೆ. ಕನಿಷ್ಠ ಇಪ್ಪತ್ತು ನಿಮಿಷ ಒಂದೇ ಕಡೆ ನಿಲ್ಲಿ ಅಥವಾ ಕೂರಿ. ಮಾತು ಬೇಡ, ಮೊಬೈಲ್ ಸೈಲೆಂಟ್‌ನಲ್ಲಿ ಇರಲಿ. ಬಟ್ಟೆ ಮಣ್ಣಿನ ಬಣ್ಣದ್ದೋ ಮಂಕು ಹಸಿರೋ ಆದರೆ ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು ಕೈ ಬೀಸದೆ ಇರುವುದು.

ಮೊದಲು ಕೇಳಿಸುವುದು ಹಾಡಲ್ಲ, ಟಿಕ್ ಟಿಕ್ ಸದ್ದು. ಸೈಕಲ್ ಪೆಡಲನ್ನು ಹಿಂದಕ್ಕೆ ತಿರುಗಿಸಿದಾಗ ಫ್ರೀವೀಲ್ ಮಾಡುತ್ತದಲ್ಲ, ಹಾಗೆ ಒಣ ಒಣ ಸದ್ದು. ಕಪ್ಪೆಯೋ ಜೀರುಂಡೆಯೋ ಅಂತ ಬಿಟ್ಟುಬಿಡುವವರು ಜಾಸ್ತಿ. ಬಿಡಬೇಡಿ. ಆ ಸದ್ದು ಬಂದ ದಿಕ್ಕಿಗೆ ಮುಖ ಮಾಡಿ, ದುರ್ಬೀನು ಎತ್ತದೆ ಬರಿಗಣ್ಣಲ್ಲೇ ಕಾಯಿರಿ. ಹಾಡು ಬೇರೆ ಥರ. ಲೋಹದ ಕಂಪನ ಇರುವ ಸ್ವರಗಳ ಒಂದು ಚಿಕ್ಕ ಸರ, ಸಾಮಾನ್ಯವಾಗಿ ಆರು, ಕೆಲವೊಮ್ಮೆ ಒಂಬತ್ತು ಹತ್ತು ಸ್ವರ, ಏರಿ ಇಳಿದು ಥಟ್ಟನೆ ನಿಲ್ಲುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಅದೇ ಸರ. ಒಮ್ಮೆ ಕಿವಿಗೆ ಕೂತರೆ ಮರೆಯುವುದಿಲ್ಲ.

ಆಮೇಲೆ ಚಲನೆ. ಪೊದೆಯೊಳಗಿನ ಬರಿಯ ಕೊಂಬೆಗಳನ್ನು ನೋಡಿ, ಎಲೆ ಇರುವ ಕೊಂಬೆಗಳನ್ನಲ್ಲ. ನೊಣಹಿಡುಕಕ್ಕೆ ಸುತ್ತ ಕಾಣುವಂಥ ಜಾಗ ಬೇಕು, ಆದ್ದರಿಂದ ಪೊದೆಯ ಒಳಗಿದ್ದರೂ ಬೋಳು ಕೊಂಬೆಯನ್ನೋ ಇಳಿಬಿದ್ದ ಬಳ್ಳಿಯನ್ನೋ ಆರಿಸುತ್ತದೆ. ನೆಟ್ಟಗೆ ಕೂರುತ್ತದೆ. ಸುಮ್ಮನೆ ಕೂತಂತೆ ಕಂಡರೂ ತಲೆ ಮಾತ್ರ ಆ ಕಡೆ ಈ ಕಡೆ ತಿರುಗುತ್ತಲೇ ಇರುತ್ತದೆ. ಒಂದು ಕ್ಷಣ ತಲೆ ಒಂದೇ ದಿಕ್ಕಿಗೆ ನಿಂತುಬಿಡುತ್ತದೆ. ಆಗ ಉಸಿರು ಹಿಡಿದು ನೋಡಿ, ಮರುಗಳಿಗೆಯಲ್ಲಿ ಅದು ಹಾರಿ ಗಾಳಿಯಲ್ಲೇ ಹುಳ ಹಿಡಿದು ತಿರುಗಿರುತ್ತದೆ, ಕೊಕ್ಕು ಮುಚ್ಚುವ ಸಣ್ಣ ಚಟ್ ಸದ್ದೂ ಹತ್ತಿರವಿದ್ದರೆ ಕೇಳುತ್ತದೆ. ಕೆಲವು ಸಲ ನೆಲಕ್ಕೆ ಇಳಿದು ತರಗೆಲೆಯ ಮೇಲಿಂದ ಹುಳ ಎತ್ತಿಕೊಂಡು ಮೇಲೆ ಹೋಗುತ್ತದೆ. ಹಿಂತಿರುಗಿ ಬರುವುದು ಬಹಳ ಸಲ ಅದೇ ಕೊಂಬೆಗೆ, ಇಲ್ಲವೇ ಪಕ್ಕದ್ದಕ್ಕೆ. ಇದು ನಿಮ್ಮ ಅವಕಾಶ. ಹಕ್ಕಿ ಹಾರಿದಾಗ ಅದರ ಹಿಂದೆ ದುರ್ಬೀನು ಓಡಿಸಬೇಡಿ. ಅದು ಕೂತಿದ್ದ ಕೊಂಬೆಗೆ ಗುರಿ ಇಟ್ಟು ಫೋಕಸ್ ಸರಿಮಾಡಿಕೊಂಡು ಕಾಯಿರಿ.

ದುರ್ಬೀನು ಕೊಳ್ಳುವವರಿಗೆ ಒಂದು ಮಾತು. 8×42 ಇದ್ದರೆ ಸಾಕು. 10×, 12× ಅಂತ ಹೋಗಬೇಡಿ. ದೊಡ್ಡದಾಗಿ ಕಾಣುವುದೇನೋ ನಿಜ, ಆದರೆ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ, ನೋಟದ ಅಗಲ ಕಡಿಮೆಯಾಗಿ ಪೊದೆಯೊಳಗೆ ಹಕ್ಕಿ ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ. 42 ಅನ್ನುವುದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಕತ್ತಲ ಜಾಗದ ಹಕ್ಕಿಗೆ ಈ ಅಗಲ ಬೇಕೇ ಬೇಕು. ಇನ್ನೊಂದು, ಅಂಗಡಿಯಲ್ಲಿ ಯಾರೂ ಹೇಳದ ವಿಷಯ: ಎಷ್ಟು ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುತ್ತದೆ ಅಂತ ನೋಡಿ. ಎರಡು ಮೂರು ಮೀಟರ್‌ಗೂ ಫೋಕಸ್ ಆಗುವಂಥದ್ದು ತೆಗೆದುಕೊಳ್ಳಿ, ಯಾಕೆಂದರೆ ಈ ಹಕ್ಕಿ ನಿಜಕ್ಕೂ ಅಷ್ಟು ಹತ್ತಿರ ಬರುತ್ತದೆ. ದುರ್ಬೀನು ಇಲ್ಲವೇ, ಪರವಾಗಿಲ್ಲ, ಬನ್ನಿ. ಹೆಚ್ಚಿನ ಹಕ್ಕಿಗಳಿಗಿಂತ ಇದನ್ನು ಬರಿಗಣ್ಣಲ್ಲಿ ನೋಡುವುದು ಸುಲಭ.

ಮರ್ಲಿನ್ ಆ್ಯಪ್ ಉಚಿತ, ಹಾಡು ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ. ಬೆಟ್ಟದ ಮೇಲೆ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ, ಆದ್ದರಿಂದ ನಮ್ಮ ಭಾಗದ ಹಕ್ಕಿಗಳ ಪ್ಯಾಕನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಅದು ಹೆಸರು ತೋರಿಸಿದ ಕೂಡಲೇ ಪಟ್ಟಿಗೆ ಸೇರಿಸಬೇಡಿ. ಅದನ್ನು ಸುಳಿವು ಅಂತ ಇಟ್ಟುಕೊಂಡು ಕಣ್ಣಲ್ಲಿ ಕಂಡಮೇಲೆ ಬರೆದುಕೊಳ್ಳಿ.

ಯಾವುದರ ಜೊತೆ ಗೊಂದಲ ಆಗುತ್ತದೆ

ಹೊಸಬರಿಗೆ ಮೊದಲ ಗೊಂದಲ ಮಿಂಚುಳ್ಳಿ. ಸಣ್ಣ ಮಿಂಚುಳ್ಳಿಯೂ ಮೇಲೆ ನೀಲಿ, ಕೆಳಗೆ ಕಿತ್ತಳೆ. ಕೊಕ್ಕು ನೋಡಿದರೆ ಮುಗಿಯಿತು, ಮಿಂಚುಳ್ಳಿಯದು ಉದ್ದ ಭರ್ಜಿ, ನೊಣಹಿಡುಕದ್ದು ಗಿಡ್ಡ, ಬುಡದಲ್ಲಿ ಸ್ವಲ್ಪ ಅಗಲ. ಸೂರಕ್ಕಿಯೂ ನೆರಳಲ್ಲಿ ಕಪ್ಪು ನೀಲಿಯಾಗಿ ಕಾಣುತ್ತದೆ, ಅದರ ಕೊಕ್ಕು ಬಾಗಿರುತ್ತದೆ, ಒಂದು ಗಳಿಗೆಯೂ ಸುಮ್ಮನೆ ಕೂರುವುದಿಲ್ಲ.

ಕರಿಕತ್ತಿನ ರಾಜಹಕ್ಕಿ ಅಂತ ಒಂದಿದೆ, ಇದೇ ಬಗೆಯ ನೆರಳಲ್ಲೇ ಇರುತ್ತದೆ, ಇದೇ ರೀತಿ ಹುಳ ಹಿಡಿಯುತ್ತದೆ. ಅದರ ಎದೆಯೂ ನೀಲಿ, ಕಿತ್ತಳೆ ಎಲ್ಲೂ ಇಲ್ಲ. ಗಂಡಿಗೆ ತಲೆಯ ಹಿಂದೆ ಒಂದು ಕಪ್ಪು ಚುಕ್ಕೆ, ಕೊರಳಲ್ಲಿ ತೆಳು ಕಪ್ಪು ಗೆರೆ. ಇದೂ, ಉದ್ದ ಬಿಳಿ ಬಾಲ ಬೀಸಿಕೊಂಡು ಹಾರುವ ಬಾಲದ ರಾಜಹಕ್ಕಿಯೂ ನೊಣ ಹಿಡಿಯುವವೇ ಆದರೂ ಸಂಬಂಧದಲ್ಲಿ ಬೇರೆ ಮನೆತನದವು. ನಮ್ಮ ನೀಲಿ ನೊಣಹಿಡುಕ ಇರುವುದು ಮಡಿವಾಳ ಹಕ್ಕಿಯ ಕುಟುಂಬದಲ್ಲಿ. ಹಿತ್ತಲಲ್ಲಿ ಬಾಲ ಎತ್ತಿಕೊಂಡು ಹಾಡುವ ಕಪ್ಪು ಬಿಳುಪಿನ ಮಡಿವಾಳ ನೋಡಿದ್ದೀರಲ್ಲ, ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ.

ನಿಜವಾಗಿ ತಲೆ ಕೆಡಿಸುವುದು ಚಳಿಗಾಲದ ಅತಿಥಿಗಳು. ಅದೇ ಸಯಾರ್ನಿಸ್ ಕುಲದ ನೀಲಿಗಂಟಲ ನೊಣಹಿಡುಕ ಹಿಮಾಲಯದ ಕಡೆಯಿಂದ ದಕ್ಷಿಣಕ್ಕೆ ಬರುತ್ತದೆ. ಮೊದಲೇ ಹೇಳಿದ ಎದೆಯ ವಿವರ ಇಲ್ಲಿ ಕೆಲಸಕ್ಕೆ ಬರುತ್ತದೆ. ಟಿಕೆಲ್‌ಗೆ ಗಂಟಲಿನಿಂದಲೇ ಕಿತ್ತಳೆ. ನೀಲಿಗಂಟಲದ ಗಂಡಿಗೆ ಗಂಟಲು ನೀಲಿ, ಎದೆಯ ಕಿತ್ತಳೆ ಅದರೊಳಕ್ಕೆ ತ್ರಿಕೋನದಂತೆ ಚೂಪಾಗಿ ಏರಿರುತ್ತದೆ. ಹೆಣ್ಣುಗಳ ವಿಷಯದಲ್ಲಿ ಇನ್ನೂ ಸುಲಭ. ಟಿಕೆಲ್ ಹೆಣ್ಣಿನ ಬೆನ್ನಿನಲ್ಲಿ ನೀಲಿ ಇದ್ದೇ ಇರುತ್ತದೆ, ನೀಲಿಗಂಟಲದ ಹೆಣ್ಣು ಕಂದು. ಫೋಟೊ ತೆಗೆದರೆ ಬೆನ್ನಿಗಿಂತ ಗಂಟಲು ಕಾಣುವ ಕೋನಕ್ಕೆ ಕಾಯಿರಿ, ಬೆನ್ನಿನ ಫೋಟೊ ಹತ್ತು ಇದ್ದರೂ ತೀರ್ಮಾನ ಆಗುವುದಿಲ್ಲ.

ಇದೇ ಕುಲದ ಬಿಳಿಹೊಟ್ಟೆಯ ನೀಲಿ ನೊಣಹಿಡುಕ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಹಕ್ಕಿ. ಆಗುಂಬೆ ಕಡೆ ಹೋದಾಗ ನೋಡಿ. ಜೋಗಿಮಟ್ಟಿಯಲ್ಲಿ ಕಂಡೆ ಅನ್ನಿಸಿದರೆ ಇನ್ನೊಮ್ಮೆ ನೋಡಿ.

ಉಳಿದ ವಲಸೆಗಾರರಲ್ಲಿ ವರ್ಡಿಟರ್ ನೊಣಹಿಡುಕ ಇಡೀ ಮೈ ತಿಳಿ ಹಸಿರು ಬೆರೆತ ನೀಲಿ, ಕಣ್ಣಿನ ಮುಂದೆ ಕಪ್ಪು, ಕೂರುವುದು ಮೇಲೆ ಬಯಲಾದ ಕೊಂಬೆಯಲ್ಲಿ. ಕೆಂಪೆದೆಯ ನೊಣಹಿಡುಕ ಕಂದು ಹಕ್ಕಿ, ಬಾಲದ ಬುಡದ ಎರಡೂ ಬದಿಗೆ ಬಿಳಿ, ಆ ಬಾಲವನ್ನು ಮೇಲಕ್ಕೆ ಎತ್ತುತ್ತಲೇ ಇರುತ್ತದೆ. ಕಂದು ನೊಣಹಿಡುಕಕ್ಕೆ ಹೇಳಿಕೊಳ್ಳುವಂಥ ಬಣ್ಣವಿಲ್ಲ, ಕಣ್ಣಿನ ಸುತ್ತ ಬಿಳಿ ಉಂಗುರ, ಕೂತಲ್ಲೇ ಕೂತಿರುತ್ತದೆ.

ಗೂಡಿನ ವಿಷಯದಲ್ಲಿ

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಟಿಕೆಲ್ ನೀಲಿ ನೊಣಹಿಡುಕ ಗೂಡು ಕಟ್ಟುವುದು ಹಳ್ಳದ ದಂಡೆಯ ಮಣ್ಣಿನ ಪೊಳ್ಳಿನಲ್ಲಿ, ಬಂಡೆಯ ಸಂದಿನಲ್ಲಿ, ಮರದ ಪೊಟರೆಯಲ್ಲಿ. ಒಣ ಎಲೆ, ನಾರು, ಪಾಚಿ ಸೇರಿಸಿ ಬಟ್ಟಲು ಮಾಡಿ ಮೂರರಿಂದ ಐದು ಮೊಟ್ಟೆ ಇಡುತ್ತದೆ. ಎಷ್ಟೋ ಗೂಡುಗಳು ನೆಲದಿಂದ ನಮ್ಮ ಕೈಗೆ ಎಟುಕುವ ಎತ್ತರದಲ್ಲೇ ಇರುತ್ತವೆ. ಅಂದರೆ ರಸ್ತೆ ಬದಿಯ ದಂಡೆಗೆ ಒರಗಿ ಕೂತು ಊಟದ ಡಬ್ಬಿ ಬಿಚ್ಚಿದವರ ಬೆನ್ನ ಹಿಂದೆಯೇ ಗೂಡು ಇರಬಹುದು.

ಕೊಕ್ಕಿನಲ್ಲಿ ಹುಳ ಹಿಡಿದುಕೊಂಡು ನುಂಗದೆ ಕೂತಿದೆ, ನಿಮ್ಮನ್ನೇ ನೋಡುತ್ತಾ ಬಿಡದೆ ಟಿಕ್ ಟಿಕ್ ಅನ್ನುತ್ತಿದೆ ಅಂದರೆ ನೀವು ಗೂಡಿಗೆ ತೀರಾ ಹತ್ತಿರ ನಿಂತಿದ್ದೀರಿ. ಆ ಕೂಡಲೇ, ಬಂದ ದಾರಿಯಲ್ಲೇ, ಹಿಂದೆ ಸರಿಯಿರಿ. ಗೂಡು ಎಲ್ಲಿದೆ ಅಂತ ಹುಡುಕಬೇಡಿ. ಫೋಟೊಗೆ ಅಡ್ಡ ಬರುವ ಕಡ್ಡಿ, ಎಲೆ ಕೀಳಬೇಡಿ, ಆ ಮರೆ ಹೋದರೆ ಹಾವು, ಕೆಂಬೂತಕ್ಕೆ ದಾರಿ ತೋರಿಸಿಕೊಟ್ಟಂತೆ. ಗೂಡಿನ ಫೋಟೊ, ಲೊಕೇಶನ್ ಯಾವ ಗುಂಪಿಗೂ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡು ಕೆಡಿಸುವುದನ್ನೂ ಬೇಟೆಯ ಲೆಕ್ಕಕ್ಕೇ ಸೇರಿಸಿದ್ದಾರೆ.

ಮೊಬೈಲ್‌ನಲ್ಲಿ ಅದರ ಹಾಡು ಹಾಕಿ ಕರೆಯುವ ಚಟ ಈಗ ಎಲ್ಲ ಕಡೆ ಬಂದಿದೆ. ದಯವಿಟ್ಟು ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಂಡು ಅದು ಹುಳ ಹಿಡಿಯುವುದು, ಮರಿಗೆ ಉಣಿಸುವುದು ಎಲ್ಲ ಬಿಟ್ಟು ನಿಮ್ಮ ಫೋನಿನ ಮುಂದೆ ಹಾರಾಡುತ್ತದೆ. ಇವತ್ತು ನೀವು, ನಾಳೆ ಇನ್ನೊಬ್ಬರು, ಭಾನುವಾರ ಆರು ಜನ. ಹಳ್ಳದಲ್ಲಿ ಇರುವುದು ಒಂದು ಜೋಡಿ, ಅದಕ್ಕೆ ಬಿಡುವು ಎಲ್ಲಿಂದ ಬರಬೇಕು? ಫ್ಲ್ಯಾಶ್ ಕೂಡ ಬೇಡ. ಕತ್ತಲೆ ಅಂದರೆ ಕ್ಯಾಮೆರಾದ ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 1600, 3200ಕ್ಕೆ ಏರಿಸಿ, ಹಕ್ಕಿ ಕೂತಿರುವಾಗ 1/250 ಸೆಕೆಂಡಿನ ಶಟರ್ ವೇಗ ಸಾಕಾಗುತ್ತದೆ. ಫೋಟೊ ಸ್ವಲ್ಪ ಕಾಳು ಕಾಳಾಗಿ ಬಂದರೆ ಬರಲಿ.

ಗೂಡು ಬಿಟ್ಟ ಮರಿ ನೋಡಿದರೆ ಗುರುತು ಹಿಡಿಯುವುದು ಕಷ್ಟ. ಮೈಯೆಲ್ಲ ಕಂದು, ಮೇಲೆ ತಿಳಿ ಚುಕ್ಕೆ. ರೆಕ್ಕೆ ಮತ್ತು ಬಾಲದಲ್ಲಿ ಮಾತ್ರ ನೀಲಿ ಇಣುಕುತ್ತಿರುತ್ತದೆ. ನೆಲದ ಹತ್ತಿರ ಒಂಟಿಯಾಗಿ ಕೂತಿದ್ದರೆ ಪಾಪ ಅಂತ ಎತ್ತಿಕೊಂಡು ಬರಬೇಡಿ. ಅಪ್ಪ ಅಮ್ಮ ಅಲ್ಲೇ ಇರುತ್ತವೆ, ನೀವು ದೂರ ಹೋಗಲಿ ಅಂತ ಕಾಯುತ್ತಿರುತ್ತವೆ.

ಬರೆದಿಡಿ, ತೋಟ ಇದ್ದವರು ಇದನ್ನೂ ಮಾಡಿ

ಕಂಡದ್ದನ್ನು ಹಕ್ಕಿಗಳ ದಾಖಲೆ ಇಡುವ ಜಾಲತಾಣ ಇಬರ್ಡ್‌ನಲ್ಲಿ ಹಾಕಿ, ಅದೂ ಉಚಿತ. ಬರೀ ಹೆಸರು, ಸಂಖ್ಯೆ ಸಾಲದು. ಎಷ್ಟು ಹೊತ್ತು ನಿಂತಿರಿ, ಹಳ್ಳದಲ್ಲಿ ನೀರಿತ್ತೇ, ಯಾವ ಮರ, ಗಂಡೋ ಹೆಣ್ಣೋ, ಹಾಡುತ್ತಿತ್ತೇ, ಹುಳ ಹೊತ್ತಿತ್ತೇ ಅಂತ ಎರಡು ಸಾಲು ಕಾಮೆಂಟ್ ಸೇರಿಸಿ. ಹಾಡು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಅದನ್ನೂ ಏರಿಸಬಹುದು. ಬಂಡೀಪುರ, ದಾಂಡೇಲಿಗೆ ಹೋಗಿ ಪಟ್ಟಿ ಹಾಕುವವರಿಗೆ ಕೊರತೆಯಿಲ್ಲ. ನಮ್ಮ ಹೊಳಲ್ಕೆರೆ, ಹೊಸದುರ್ಗ, ಜಗಳೂರು ಕಡೆಯಿಂದ ಬರೆಯಬೇಕಾದವರು ನಾವೇ. ಗೂಡಿನ ಕಾಲದಲ್ಲಿ ಮಾತ್ರ ನಿಖರ ಜಾಗ ಬರೆಯದೆ ಊರಿನ ಹೆಸರಿಗೆ ನಿಲ್ಲಿಸಿ.

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟ ಇರುವವರಿಗೆ ಬೆಟ್ಟ ಹತ್ತುವ ಕೆಲಸವೂ ಇಲ್ಲ. ತೋಟದ ನೆರಳು, ಕಾಲುವೆಯ ತೇವ ನೊಣಹಿಡುಕಗಳಿಗೆ ಇಷ್ಟ. ಚಳಿಗಾಲದಲ್ಲಿ ಕೆಂಪೆದೆಯದು, ಕಂದು ನೊಣಹಿಡುಕ, ಬಾಲದ ರಾಜಹಕ್ಕಿ ಬರುತ್ತವೆ, ಪಕ್ಕದಲ್ಲಿ ಗುಡ್ಡದ ಕಾಡೋ ಹಳ್ಳವೋ ಇದ್ದರೆ ಟಿಕೆಲ್ ಕೂಡ ಬಂದೀತು. ತೋಟದ ಅಂಚಿನ ಪೊದೆಯನ್ನು ಪೂರ್ತಿ ಸವರಿ ಹಾಕಬೇಡಿ, ಒಂದು ಸಾಲಾದರೂ ಬಿಡಿ. ತರಗೆಲೆ ಗುಡಿಸಿ ಬೆಂಕಿ ಹಚ್ಚುವ ಬದಲು ಮರದ ಬುಡಕ್ಕೆ ಹಾಕಿ, ಮಣ್ಣಿಗೂ ಒಳ್ಳೆಯದು. ಅಗಲವಾದ ಮಣ್ಣಿನ ತಟ್ಟೆಯೊಂದರಲ್ಲಿ ಎರಡು ಬೆರಳು ಆಳಕ್ಕಿಂತ ಹೆಚ್ಚಿಲ್ಲದಂತೆ ನೀರು ಹಾಕಿ, ನಡುವೆ ಒಂದು ಕಲ್ಲಿಟ್ಟು, ನೆರಳಲ್ಲಿ ಇಡಿ. ಪೊದೆಗೆ ತೀರಾ ಒತ್ತಿ ಇಟ್ಟರೆ ಬೆಕ್ಕು ಹೊಂಚು ಹಾಕುತ್ತದೆ, ಐದಾರು ಅಡಿ ಬಿಟ್ಟು ಮೇಲೊಂದು ಕೊಂಬೆ ಬಾಗಿರುವ ಕಡೆ ಇಡಿ, ಹಕ್ಕಿ ಮೊದಲು ಕೊಂಬೆಯಲ್ಲಿ ಕೂತು ನೋಡಿ ಆಮೇಲೆ ಇಳಿಯುತ್ತದೆ. ದಿನಾ ನೀರು ಚೆಲ್ಲಿ ತಟ್ಟೆ ಉಜ್ಜಿ ಹೊಸ ನೀರು ತುಂಬಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ಔಷಧಿ ಹೊಡೆದ ದಿನ ತಟ್ಟೆಯನ್ನು ಮುಚ್ಚಿಡಿ.